ಕಣ್ಣಿಗೆ ಕಡ್ಡಿ ಹಾಕಬಾರದು

ನಮ್ಮ ಅಬ್ಬಾ ತೀರಿಕೊಂಡದ್ದು 2011ರಲ್ಲಿ, ಅಮ್ಮಿ 2023ರಲ್ಲಿ. ಅಮ್ಮಿಯ ನಂತರ ಮೈಸೂರಿನ ಮಂಡಿ ಮೊಹಲ್ಲಾದ ಹಳೆಯ ಮನೆಯನ್ನು ಪಾಲು ಮಾಡಿಕೊಳ್ಳುವಾಗ ಪಾತ್ರೆ ಪಡಗ, ಬೀರು, ಹೊಲಿಗೆ ಯಂತ್ರ, ಎರಡು ಮಂಚ ಎಲ್ಲವೂ ಕಾಗದಕ್ಕೆ ಬಂದವು. ಹಿತ್ತಲಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಜಾವಾ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ಮರೆತು ಬಿಟ್ಟೆವು ಎಂದರೆ ಸುಳ್ಳಾಗುತ್ತದೆ. ಅದರ ಮಾತೆತ್ತಿದರೆ ಇನ್ನೇನೇನು ಮಾತು ಬರುತ್ತದೋ ಎಂಬ ಅಂಜಿಕೆ ಮೂವರಿಗೂ ಇತ್ತು.

ಮೂವರು ಎಂದರೆ ಒಬ್ಬ ಅಣ್ಣ, ಅವನ ನಂತರ ಹುಟ್ಟಿದ ತಂಗಿ, ಕೊನೆಯವನಾದ ತಮ್ಮ. ಇದನ್ನು ನಾವು ಮೂವರೂ ಕೂತು ಬರೆಯುತ್ತಿದ್ದೇವೆ. ಒಬ್ಬರ ನೆನಪನ್ನು ಇನ್ನೊಬ್ಬರು ತಿದ್ದಿದ್ದೇವೆ. ಕೆಲವು ಕಡೆ ತಿದ್ದಲು ಒಪ್ಪದೆ ಜಗಳವೂ ಆಗಿದೆ.

ಜಾವಾ ಗಾಡಿಯ ಬಗ್ಗೆ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನ ಓದುಗರಿಗಾಗಿ ಎರಡು ಮಾತು. ಮೂಲದಲ್ಲಿ ಅದು ಚೆಕೊಸ್ಲೊವಾಕಿಯಾದ ಗಾಡಿ. ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರವನ್ನೂ ಅದರ ಹೆಸರಿನ ಮೊದಲೆರಡು ಅಕ್ಷರವನ್ನೂ ಕೂಡಿಸಿ ಈ ಹೆಸರಿಟ್ಟ. ಇರಾನಿ ಎಂಬ ಪಾರಸಿ ಮನೆತನದವರು 1960ರಲ್ಲಿ ಐಡಿಯಲ್ ಜಾವಾ ಕಂಪೆನಿ ಕಟ್ಟಿ ಮೈಸೂರಿನ ಯಾದವಗಿರಿಯಲ್ಲಿ ಇದನ್ನು ತಯಾರಿಸತೊಡಗಿದರು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರಿನಲ್ಲಿ ಬೇರೆ ಕಂಪೆನಿಯವರು ಹೊಸ ಗಾಡಿ ತಂದರು. ಆದರೆ ಆ ಹೊಸ ಜಾವಾದಲ್ಲಿ ಕಾರ್ಬುರೇಟರ್ ಇಲ್ಲ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸವನ್ನು ಇಂಜೆಕ್ಟರ್ ಮಾಡುತ್ತದೆ. 2020ರಿಂದ ಈಚೆಗೆ ಹೊಸದಾಗಿ ಬರುವ ಬೈಕುಗಳೆಲ್ಲ ಬಹುತೇಕ ಹೀಗೆಯೇ. ನಮ್ಮ ಮಕ್ಕಳಿಗೆ ಕಾರ್ಬುರೇಟರ್ ಎಂದರೆ ಏನೆಂದು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಅಬ್ಬಾ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ನಂಜನಗೂಡು ಕಡೆಯ ಒಂದು ಹಳ್ಳಿಗೆ ವರ್ಗವಾದಾಗ ಬಸ್ಸಿನ ಹೊತ್ತು ಹೊಂದದೆ, 1979ರಲ್ಲಿ ಒಂದು ಹಳೆಯ ಜಾವಾ ಕೊಂಡರು. 1968ರ ಗಾಡಿ. ಕೆಂಗಂದು ಬಣ್ಣ, ಟ್ಯಾಂಕಿನ ಎರಡೂ ಬದಿಗೆ ಕ್ರೋಮ್, ಹಿಂದೆ ಉದ್ದಕ್ಕೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಕಾಲೂ ಗೇರ್ ಹಾಕುವ ಕಾಲೂ ಒಂದೇ. ಹಿಂದಕ್ಕೆ ಎತ್ತಿದರೆ ಕಿಕ್ಕರ್, ಮುಂದಕ್ಕೆ ಮಲಗಿಸಿದರೆ ಗೇರ್. ಟು ಸ್ಟ್ರೋಕ್ ಗಾಡಿಯಾದ್ದರಿಂದ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಲೀಟರಿಗೆ 40 ಎಂ.ಎಲ್. ಲೆಕ್ಕ. ಈ ಆಯಿಲೇ ಕಾರ್ಬುರೇಟರಿನ ಶತ್ರು. ಗಾಡಿ ನಾಲ್ಕು ವಾರ ನಿಂತರೆ ಪೆಟ್ರೋಲು ಆವಿಯಾಗಿ ಹೋಗುತ್ತದೆ, ಆಯಿಲು ಹೋಗುವುದಿಲ್ಲ. ತಳದಲ್ಲಿ ಅಂಟಾಗಿ ಕೂರುತ್ತದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚಿನ ಭಾನುವಾರ ನಮ್ಮ ಮನೆಯ ಜಗಲಿಯ ಮೇಲೆ ಕಾರ್ಬುರೇಟರ್ ತೊಳೆಯುವ ಕೆಲಸ ತಪ್ಪುತ್ತಿರಲಿಲ್ಲ. ದಸರಾ ರಜೆಯಲ್ಲಿ ಇನ್ನೊಮ್ಮೆ.

ಆ ಕೆಲಸಕ್ಕೆ ಅಬ್ಬಾ ಕರೆಯುತ್ತಿದ್ದುದು ನಡುವಿನವಳನ್ನು. ಅಣ್ಣನಿಗೆ ತಾಳ್ಮೆಯಿರಲಿಲ್ಲ, ತಮ್ಮ ಇನ್ನೂ ಮಗು. ಅವಳ ಬೆರಳು ಸಣ್ಣ, ಕಣ್ಣು ಚುರುಕು. ಎಂಟು ವರ್ಷದವಳಿದ್ದಾಗ ಶುರುವಾಯಿತು. ಜಗಲಿಯ ಮೇಲೆ ಹಳೆಯ ಪತ್ರಿಕೆ ಹಾಸಿ, ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಅವಳು ಸಾಲಾಗಿ ಇಡಬೇಕು. ಜೋಡಿಸುವಾಗ ಬಲದಿಂದ ಎಡಕ್ಕೆ. "ಬಿಚ್ಚುವಾಗ ಕನ್ನಡ, ಜೋಡಿಸುವಾಗ ಉರ್ದು" ಎಂದು ಅಬ್ಬಾ ನಗುತ್ತಿದ್ದರು.

ಭಾಗಗಳಿಗೆಲ್ಲ ಅವರು ತಮ್ಮದೇ ಹೆಸರಿಟ್ಟಿದ್ದರು. ಕನ್ನಡ ಮೇಷ್ಟ್ರಲ್ಲವೇ. ಫ್ಲೋಟ್ ಎಂದರೆ ತೇಲುಡಬ್ಬಿ. ಹಿತ್ತಾಳೆಯ ಆ ಪುಟ್ಟ ಡಬ್ಬಿ ಪೆಟ್ರೋಲಿನ ಮೇಲೆ ತೇಲುತ್ತ, ಮಟ್ಟ ಏರಿದಾಗ ತನ್ನ ಮುಳ್ಳಿನಿಂದ ಒಳದಾರಿಯನ್ನು ಮುಚ್ಚುತ್ತದೆ, ಇಳಿದಾಗ ಬಿಡುತ್ತದೆ. ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡ್ ಎಂದರೆ ತೂಬು. ಅದರ ಹೊಟ್ಟೆಯಿಂದ ಇಳಿಬಿದ್ದ ನೀಳ ಕಡ್ಡಿ ಸೂಜಿ. ಎಲ್ಲಕ್ಕಿಂತ ಕೆಳಗೆ ಇರುವ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆ ಜೆಟ್ ಎಂದರೆ ಕಣ್ಣು. ನಡುವೆ ಒಂದು ಮಿಲಿಮೀಟರಿಗೂ ಕಡಿಮೆಯ ತೂತು. ಗಾಡಿ ಕುಡಿಯುವ ಪೆಟ್ರೋಲಿನ ಬಹುಪಾಲು ಆ ತೂತಿನಿಂದಲೇ ಮೇಲೇರಬೇಕು.

ಕಣ್ಣಿನ ವಿಷಯದಲ್ಲಿ ಅಬ್ಬಾನದು ಒಂದೇ ಪಾಠ: ಕಣ್ಣಿಗೆ ಕಡ್ಡಿ ಹಾಕಬಾರದು. ಹಿತ್ತಾಳೆ ಮೆತ್ತಗಿನ ಲೋಹ. ಉಕ್ಕಿನ ತಂತಿ ತೂರಿಸಿ ತಿರುವಿದರೆ ಕಸ ಹೋಗುತ್ತದೆ ನಿಜ, ಅದರ ಜೊತೆಗೆ ತೂತಿನ ಗೋಡೆಯೂ ಕೂದಲೆಳೆಯಷ್ಟು ಸವೆದು ಹೋಗುತ್ತದೆ. ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲು ಹೆಚ್ಚು ಹರಿಯುತ್ತದೆ, ಪ್ಲಗ್ಗು ಕಪ್ಪಾಗುತ್ತದೆ, ಹೊಗೆ ಬರುತ್ತದೆ. ಆದ್ದರಿಂದ ಪೆಟ್ರೋಲಿನಲ್ಲಿ ನೆನೆಸಬೇಕು, ಕಾಯಬೇಕು, ಊದಬೇಕು. ಬೆಳಕಿಗೆ ಹಿಡಿದು ನೋಡಬೇಕು. ತೂತು ದುಂಡಗೆ, ಅಂಚಿಗೆ ಜುಂಗಿಲ್ಲದೆ ಕಂಡರೆ ಸರಿ, ಇಲ್ಲದಿದ್ದರೆ ಮತ್ತೆ ನೆನೆಸಬೇಕು.

ಊದುತ್ತಿದ್ದುದು ಬಾಯಿಯಿಂದ. ಇದನ್ನು ಬರೆಯುವಾಗ ಮೈ ಜುಂ ಎನ್ನುತ್ತದೆ. ಆಗಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು, ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದಲ್ಲಿ. ಅಬ್ಬಾನಿಗೂ ಗೊತ್ತಿರಲಿಲ್ಲ, ಓಣಿಯ ಮೆಕ್ಯಾನಿಕ್ಕಿಗೂ ಗೊತ್ತಿರಲಿಲ್ಲ. ಎಂಟು ವರ್ಷದ ಹುಡುಗಿ ಆ ಕಣ್ಣನ್ನು ತುಟಿಗಿಟ್ಟುಕೊಂಡು ಊದುವಳು, ಆಮೇಲೆ ಅಮ್ಮಿ ಕೊಟ್ಟ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವಳು.

ಅವಳಿಗೆ ಹದಿಮೂರು ತುಂಬಿದ ವರ್ಷ, 1985ರಲ್ಲಿ, ಇದು ನಿಂತಿತು. ಯಾರೂ ಬೇಡ ಎನ್ನಲಿಲ್ಲ. ನೆರೆಮನೆಯ ಹಿರಿಯರೊಬ್ಬರು ಅಮ್ಮಿಯ ಹತ್ತಿರ, ಬೆಳೆದ ಹುಡುಗಿ ಬೀದಿಗೆ ಕಾಣುವ ಹಾಗೆ ಜಗಲಿಯ ಮೇಲೆ ಕೂತು ಗಾಡಿ ರಿಪೇರಿ ಮಾಡುವುದು ಚೆನ್ನಾಗಿ ಕಾಣುವುದಿಲ್ಲ ಎಂದರಂತೆ. ಅಮ್ಮಿ ಅಬ್ಬಾನಿಗೆ ಹೇಳಿದಳಂತೆ. ಆ ಸಲ ಶಾಲೆ ತೆರೆಯುವ ಮುಂಚಿನ ಭಾನುವಾರ ಅಬ್ಬಾ ಪತ್ರಿಕೆ ಹಾಸಿ, ಅವಳ ಹೆಸರು ಕೂಗುವ ಬದಲು ಅಣ್ಣನ ಹೆಸರು ಕೂಗಿದರು. ಅಷ್ಟೆ. ಅವಳು ಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಅಣ್ಣ ಅದನ್ನು ನೋಡಿದ. ಒಂಬತ್ತು ವರ್ಷದ ತಮ್ಮನೂ ನೋಡಿದ. ಧರ್ಮದ ಮಾತೇನೂ ಅಲ್ಲಿ ಬರಲಿಲ್ಲ. ಜನ ಏನೆನ್ನುತ್ತಾರೋ ಎಂಬುದಷ್ಟೇ ಇದ್ದದ್ದು.

ಮುಂದೆ ಅವಳು ಎಸ್ಸೆಸ್ಸೆಲ್ಸಿ ಮುಗಿಸಿದಳು, ಹತ್ತೊಂಬತ್ತಕ್ಕೆ ಮದುವೆಯಾಗಿ ಮಂಡ್ಯಕ್ಕೆ ಹೋದಳು. ಗಾಡಿಯ ಜವಾಬ್ದಾರಿ ಗಂಡುಮಕ್ಕಳದ್ದಾಯಿತು. ಜಾವಾ ಎಂದರೆ ಅಣ್ಣತಮ್ಮಂದಿರ ಮಾತು ಎಂಬಂತೆ ನಾವು ನಲವತ್ತು ವರ್ಷ ಮಾತಾಡಿಕೊಂಡು ಬಂದೆವು. ಮದುವೆಮನೆಗಳಲ್ಲಿ ಅಣ್ಣ ತನ್ನ ಕಾರ್ಬುರೇಟರ್ ಜ್ಞಾನದ ಕಥೆ ಹೇಳುವಾಗ ಅವಳು ಪಕ್ಕದಲ್ಲೇ ತಟ್ಟೆ ಬಡಿಸುತ್ತ ಕೇಳಿಸಿಕೊಂಡಿದ್ದಾಳೆ.

2025ರ ಜೂನ್ ತಿಂಗಳಲ್ಲಿ ಶೆಡ್ಡು ಕೆಡವಬೇಕಾಗಿ ಬಂತು. ಗಾಡಿಯನ್ನು ಮಾರಿಬಿಡೋಣ, ಹಳೆಯ ಗಾಡಿ ಕೂಡಿಡುವವರು ಒಳ್ಳೆಯ ಬೆಲೆ ಕೊಡುತ್ತಾರೆ ಎಂದು ಅಣ್ಣ. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ, ದೇಶದ ಎಷ್ಟೋ ಊರುಗಳಲ್ಲಿ ಈ ಗಾಡಿಗಳ ಮೆರವಣಿಗೆಯಾಗುತ್ತದೆ, ಅದರಲ್ಲಿ ಒಮ್ಮೆ ಓಡಿಸಿ ಆಮೇಲೆ ನೋಡೋಣ ಎಂದು ತಮ್ಮ. ಮಾರಲಿ, ಓಡಿಸಲಿ, ಮೊದಲು ಅದು ಸ್ಟಾರ್ಟ್ ಆಗಬೇಕು. ಜೂನ್ ಕೊನೆಯ ಭಾನುವಾರ ಇಬ್ಬರೂ ಕೂತೆವು. ಮಗಳೊಂದಿಗೆ ಬಂದಿದ್ದ ನಡುವಿನವಳು ಒಳಗೆ ಚಹಾ ಮಾಡುತ್ತಿದ್ದಳು.

ಕಾರ್ಬುರೇಟರಿನ ಮೇಲಿನ ಮುಚ್ಚಳ ತೆಗೆದು, ಟ್ಯಾಂಕಿನ ಕೊಳವೆ ಕಳಚಿ, ಪಟ್ಟಿಯ ತಿರುಪು ಸಡಿಲಿಸಿ ಹೊರತೆಗೆಯುವುದರೊಳಗೆ ಒಂದು ಗಂಟೆ. ಫ್ಲೋಟ್ ಚೇಂಬರಿನ ಮುಚ್ಚಳ ಏಳಲೇ ಇಲ್ಲ. ಅಣ್ಣ ಸ್ಕ್ರೂಡ್ರೈವರಿನ ಹಿಂಬದಿಗೆ ಸುತ್ತಿಗೆಯಿಂದ ಬಡಿಯಲು ಕೈಯೆತ್ತಿದ.

"ಭಾಯಿ, ಹೊಡೀಬೇಡಿ. ಮುರೀತದೆ ಅದು."

ಚಹಾದ ಟ್ರೇ ಕೆಳಗಿಟ್ಟು ಅವಳು ಅಲ್ಲೇ ಕೂತಳು. ಕಾರ್ಬುರೇಟರಿನ ಮೈ ಎರಕ ಹೊಯ್ದ ಮಿಶ್ರಲೋಹ, ಹಳೆಯದಾದರೆ ಬಿಸ್ಕತ್ತಿನ ಹಾಗೆ ಬಿರಿಯುತ್ತದೆ. ಒಳಗಿಂದ ಒಂದು ಬಟ್ಟಲು ಬಿಸಿನೀರು ತರಿಸಿ, ಬಟ್ಟೆ ಅದ್ದಿ, ಮುಚ್ಚಳದ ಸುತ್ತ ಒತ್ತಿ ಹಿಡಿದಳು. ಐದಾರು ಸಲ. ಆಮೇಲೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಳು. ಮುಚ್ಚಳ ಬಂತು. ನಾವಿಬ್ಬರೂ ಸುಮ್ಮನೆ ಸರಿದು ಜಾಗ ಬಿಟ್ಟೆವು.

ಒಳಗೆ ಕಂಡದ್ದು: ತಳದಲ್ಲಿ ಹಲಸಿನ ಮೇಣದಂತಹ ಕಂದು ಅಂಟು, ಗೋಡೆಗೆ ಸುಣ್ಣದಂತಹ ಬಿಳಿ ಪುಡಿ. ಅಂಟು ಆಯಿಲಿನದು, ಪುಡಿ ನೀರು ಲೋಹವನ್ನು ತಿಂದ ಗುರುತು. ತಮ್ಮ ಕಾರ್ಬುರೇಟರ್ ತೊಳೆಯುವ ಸ್ಪ್ರೇ ಡಬ್ಬಿ ತಂದಿದ್ದ. ಅವಳು ಅದರ ಮೇಲಿನ ಬರಹ ಓದಿ, ರಬ್ಬರಿನ ಭಾಗಗಳನ್ನೆಲ್ಲ ಮೊದಲು ಬೇರೆ ಎತ್ತಿಟ್ಟು, ಮಗಳ ಕನ್ನಡಕ ಇಸಿದುಕೊಂಡು ಕಣ್ಣಿಗೆ ಹಾಕಿಕೊಂಡು ಆಮೇಲೆ ಹೊಡೆದಳು. ಪತ್ರಿಕೆಯ ಮೇಲೆ ಎಡದಿಂದ ಬಲಕ್ಕೆ ಸಾಲು ಬೆಳೆಯಿತು. ತೇಲುಡಬ್ಬಿಯನ್ನು ಕಿವಿಯ ಹತ್ತಿರ ಅಲುಗಾಡಿಸಿದಳು, ಒಳಗೆ ಪೆಟ್ರೋಲು ಸೇರಿದ್ದರೆ ಸದ್ದು ಬರುತ್ತದೆ. ಬರಲಿಲ್ಲ. ಆದರೂ ಬಿಸಿನೀರಿನಲ್ಲಿ ಮುಳುಗಿಸಿ ನೋಡಿದಳು, ಗುಳ್ಳೆ ಏಳಲಿಲ್ಲ. ಡಬ್ಬಿ ಗಟ್ಟಿಯಾಗಿದೆ ಎಂದಳು. ಗಾಳಿಯ ತಿರುಪನ್ನು ಬಿಚ್ಚುವ ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಿಗೆ ಕೂತಿತು ಎಂದು ಎಣಿಸಿದಳು, ಒಂದೂಕಾಲು. "ಬರಕೋ" ಎಂದು ಮಗಳಿಗೆ ಹೇಳಿದಳು. ಈ ಎಣಿಕೆ ನಮ್ಮಿಬ್ಬರಿಗೂ ಹೊಳೆಯುತ್ತಿರಲಿಲ್ಲ.

ತೂಬನ್ನು ಹೊರಗೆಳೆದು ಸೂಜಿ ಬಿಡಿಸಿದವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

ಇಲ್ಲೊಂದು ವಿವರಣೆ ಬೇಕು. ಸೂಜಿಯ ತಲೆಯ ಹತ್ತಿರ ಒಂದರ ಕೆಳಗೊಂದು ಕೆಲವು ಗೆರೆಕಚ್ಚುಗಳಿರುತ್ತವೆ. ಒಂದು ಪುಟ್ಟ ಕ್ಲಿಪ್ಪು ಅವುಗಳಲ್ಲೊಂದಕ್ಕೆ ಕೂತು ಸೂಜಿಯನ್ನು ಹಿಡಿದಿರುತ್ತದೆ. ಕ್ಲಿಪ್ಪು ಮೇಲಿನ ಕಚ್ಚಿನಲ್ಲಿದ್ದರೆ ಸೂಜಿ ಕೆಳಗೆ ಇಳಿದು ದಾರಿ ಕಿರಿದಾಗುತ್ತದೆ, ಪೆಟ್ರೋಲು ಕಡಿಮೆ ಬರುತ್ತದೆ. ಕೆಳಗಿನ ಕಚ್ಚಿನಲ್ಲಿದ್ದರೆ ಹೆಚ್ಚು ಬರುತ್ತದೆ. ಅವಳು ತೊಳೆಯುತ್ತಿದ್ದ ಕಾಲಕ್ಕೆ ಅದು ನಡುವಿನ ಕಚ್ಚಿನಲ್ಲಿತ್ತು. ಈಗ ಎಲ್ಲಕ್ಕಿಂತ ಮೇಲಿನದರಲ್ಲಿ.

"ಇದನ್ನ ಮೇಲೆ ಹಾಕಿದ್ದು ಯಾರು?" ಎಂದು ಕೇಳಿದಳು. ನಮಗಿಬ್ಬರಿಗೂ ಕ್ಲಿಪ್ಪು ಬದಲಿಸಬಹುದು ಎಂಬುದೇ ಗೊತ್ತಿರಲಿಲ್ಲ.

ಅವಳು ಕಣ್ಣನ್ನು ಬಿಚ್ಚಿ, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ಅಣ್ಣನ ಕೈಗೆ ಕೊಟ್ಟಳು. ತೂತು ದುಂಡಗಿರಲಿಲ್ಲ. ಒಂದು ಬದಿಗೆ ಎಳೆದಂತೆ ಮೊಟ್ಟೆಯಾಕಾರವಾಗಿತ್ತು, ಅಂಚಿನಲ್ಲಿ ಗೀರುಗಳಿದ್ದವು.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ. 1985ರ ಆ ಭಾನುವಾರ, ಅಬ್ಬಾ ಜುಹರ್ ನಮಾಜಿಗೆ ಹೋಗಿದ್ದಾಗ, ನೆನೆಸಿ ಕಾಯುವ ವ್ಯವಧಾನವಿಲ್ಲದೆ, ಅಮ್ಮಿಯ ಹೊಲಿಗೆ ಯಂತ್ರದ ಸೂಜಿಯನ್ನು ತಂದು ಕಣ್ಣಿಗೆ ತೂರಿಸಿ ತಿರುವಿದ್ದ. ಕಸ ಹೋಯಿತು, ಸೂಜಿಯನ್ನು ಮರಳಿ ಯಂತ್ರದ ಡಬ್ಬಿಗೆ ಹಾಕಿದ. ಅದಾದ ಮೇಲೆ ಕೆಲವು ದಿನ ಗಾಡಿ ಕಪ್ಪು ಹೊಗೆ ಬಿಟ್ಟದ್ದು ನಮಗೆಲ್ಲ ನೆನಪಿದೆ. ಆಮೇಲೆ ತಾನಾಗಿಯೇ ಸರಿಹೋಯಿತು ಎಂದು ನಾವು ತಿಳಿದಿದ್ದೆವು.

ತಾನಾಗಿ ಸರಿಹೋಗಿರಲಿಲ್ಲ. ಅಬ್ಬಾ ಕಂಡುಹಿಡಿದಿದ್ದರು. ಮೇಷ್ಟ್ರ ಸಂಬಳದಲ್ಲಿ ಹೊಸ ಜೆಟ್ ತರುವುದನ್ನು ಮುಂದೆ ಹಾಕಿದರೋ, ತಂದರೆ ಮಗನಿಗೆ ಗೊತ್ತಾಗುತ್ತದೆಂದು ಬಿಟ್ಟರೋ, ಅಂತೂ ಕ್ಲಿಪ್ಪನ್ನು ಒಂದೊಂದೇ ಕಚ್ಚು ಏರಿಸಿ, ಕಣ್ಣಿನಲ್ಲಿ ಹೆಚ್ಚಾದದ್ದನ್ನು ಸೂಜಿಯಲ್ಲಿ ಕಡಿಮೆ ಮಾಡಿದ್ದರು. ಪೂರ್ತಿ ಗ್ಯಾಸು ತಿರುಗಿಸಿ ಓಡಿಸುವವರಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಸೂಜಿ ಪೂರ್ತಿ ಮೇಲೆದ್ದು ಲೆಕ್ಕವೆಲ್ಲ ಕಣ್ಣಿನದೇ ಆಗುತ್ತದೆ. ಆದರೆ ಅಬ್ಬಾ ಎಂದೂ ಅರ್ಧ ಗ್ಯಾಸಿಗಿಂತ ಹೆಚ್ಚು ತಿರುಗಿಸಿದವರಲ್ಲ. ಹಾಗೆಯೇ ಇಪ್ಪತ್ತೈದು ವರ್ಷ ಆ ಕೆಟ್ಟ ಕಣ್ಣಿನಲ್ಲೇ ಶಾಲೆಗೂ ಪೇಟೆಗೂ ಮಸೀದಿಗೂ ಓಡಾಡಿದರು. ಮಗನಿಗೆ ಒಂದು ಮಾತೂ ಹೇಳಲಿಲ್ಲ.

ಅಣ್ಣನ ಕಣ್ಣು ತುಂಬಿತ್ತು. ಎಂಥಾ ಮನುಷ್ಯ ನೋಡು ಎಂದ. ತಮ್ಮನೂ ಹೌದೆಂದ.

ಅವಳು ಸೂಜಿಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. "ನಿಮ್ಮ ತಪ್ಪಿಗೆ ಅಬ್ಬಾ ಕ್ಲಿಪ್ ಏರಿಸಿದರು ಭಾಯಿ. ನಿಮಗೆ ಬೇಜಾರಾಗಬಾರದು ಅಂತ. ನನಗೂ ಏನೂ ಹೇಳಲಿಲ್ಲ ಅವರು. ನಾನು ಆ ಪರದೆ ಹಿಂದೆ ಎಷ್ಟು ಭಾನುವಾರ ನಿಂತಿದ್ದೆ ಗೊತ್ತಾ?" ಎಂದಳು. ಕೋಪದಿಂದ ಹೇಳಲಿಲ್ಲ. ತೂಬಿನ ಸ್ಪ್ರಿಂಗು ಎಲ್ಲಿ ಎಂದು ಅದೇ ಉಸಿರಿನಲ್ಲಿ ಕೇಳಿದಳು.

ನಮಗೆ ಉತ್ತರ ಹೊಳೆಯಲಿಲ್ಲ. ಅಬ್ಬಾ ಒಳ್ಳೆಯವರು ಎನ್ನುವುದರಲ್ಲಿ ನಮ್ಮ ಮೂವರಿಗೂ ಸಂಶಯವಿಲ್ಲ. ಆದರೆ ಗದರಿಸದ ಅವರ ಬಾಯಿಯೂ, ನೆರೆಯವರಿಗೆ ಉತ್ತರ ಕೊಡದ ಅವರ ಬಾಯಿಯೂ ಒಂದೇ ಆಗಿತ್ತು ಎಂಬುದನ್ನು ನಾವು ಗಂಡುಮಕ್ಕಳು ಆವತ್ತಿನವರೆಗೆ ಯೋಚಿಸಿರಲಿಲ್ಲ. ಅವರೊಬ್ಬರ ಮೇಲೆ ಹೊರಿಸುವುದೂ ಸರಿಯಲ್ಲ. ಪರದೆಯ ಹಿಂದೆ ನಿಂತವಳನ್ನು ನೋಡಿಯೂ, ಕೆಲಸ ನನಗೆ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಪಟ್ಟವನು ಅಣ್ಣ. ಇದನ್ನು ಬರೆಯಲೇಬೇಕೆಂದು ಹಟ ಹಿಡಿದವನೂ ಅವನೇ.

ಹೊಸ ಜೆಟ್ಟನ್ನು ತಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು ತಂದ. ಹಳೆಯದರ ಮೇಲೆ ಒತ್ತಿದ್ದ ನಂಬರನ್ನೇ ನೋಡಿ ತರಬೇಕು ಎಂದು ಅವಳು ಚೀಟಿ ಬರೆದು ಕೊಟ್ಟಿದ್ದಳು. ಕೊಳವೆಯನ್ನೂ ಗ್ಯಾಸ್ಕೆಟ್ಟನ್ನೂ ಹೊಸದು ಹಾಕಿದೆವು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೂ ಎಥನಾಲ್ ಇರುತ್ತದೆ. ಹಳೆಯ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥನಾಲನ್ನು ಕೂಡಿಕೊಂಡು ತಳಕ್ಕೆ ಇಳಿಯುತ್ತದೆ. ಹಳೆಯ ಗಾಡಿ ಇಟ್ಟುಕೊಂಡವರು ಟ್ಯಾಂಕಿನ ನಲ್ಲಿ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರಿ ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ನಿಲ್ಲಿಸುವುದು ಒಳ್ಳೆಯದು. ನಾವು ಈಗ ಹಾಗೆ ಮಾಡುತ್ತಿದ್ದೇವೆ.

ಮುಂದಿನ ವಾರ ಜೋಡಿಸಲು ಕೂತಾಗ ಅವಳು ಹಿತ್ತಲು ಬಿಟ್ಟು ಜಗಲಿಗೆ ನಡೆದಳು. ಪತ್ರಿಕೆ ಅಲ್ಲೇ ಹಾಸಿದಳು. ಬಲದಿಂದ ಎಡಕ್ಕೆ. ಕ್ಲಿಪ್ಪನ್ನು ನಡುವಿನ ಕಚ್ಚಿಗೆ ಇಳಿಸಿದಳು. ಗಾಳಿಯ ತಿರುಪು ಒಂದೂಕಾಲು ಸುತ್ತು. ಹೋಗಿಬರುವವರು ನೋಡಿದರು, ಇಬ್ಬರು ನಿಂತು ಗಾಡಿಯ ಬೆಲೆ ಕೇಳಿದರು. ಫ್ಲೋಟಿನ ಮೇಲಿನ ಗುಂಡಿಯನ್ನು ಪೆಟ್ರೋಲು ಉಕ್ಕುವ ತನಕ ಒತ್ತಿ, ಕೈ ಒರೆಸಿಕೊಂಡು, "ಹೊಡೀರಿ" ಎಂದಳು. ಒಂಬತ್ತನೆಯ ಕಿಕ್ಕಿಗೆ ಗಾಡಿ ಎದ್ದಿತು. ಓಣಿ ತುಂಬ ಬಿಳಿ ಹೊಗೆ.

ಮೆರವಣಿಗೆಗೆ ಹೋಗಲಾಗಲಿಲ್ಲ. ಅಬ್ಬಾ ಹೋದ ಮೇಲೆ ವಿಮೆ ಕಟ್ಟಿರಲಿಲ್ಲ, ನೋಂದಣಿಯ ಅವಧಿಯೂ ಮುಗಿದಿತ್ತು. ಅಂಥ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ. ನವೀಕರಣ ಮಾಡಿಸಬೇಕೆಂದರೆ ಮೊದಲು ಅಬ್ಬಾನ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗಬೇಕು. ಅದಕ್ಕೆ ಫಾರಂ 31. ತಮ್ಮ ಅದನ್ನು ತಂದು ಊಟದ ಮೇಜಿನ ಮೇಲೆ ಇಟ್ಟ. ಅಣ್ಣ ಪೆನ್ನು ತೆಗೆದು ಹೆಸರಿನ ಜಾಗದಲ್ಲಿ ತಂಗಿಯ ಹೆಸರು ಬರೆದ.

"ನನಗೆ ಲೈಸೆನ್ಸೇ ಇಲ್ಲವಲ್ಲ" ಎಂದಳು.

ಗಾಡಿ ಹೆಸರಿಗಿರಲು ಲೈಸೆನ್ಸು ಬೇಡ ಆಪಾ, ಓಡಿಸಲು ಬೇಕು ಎಂದ ತಮ್ಮ. ಅವಳು ಫಾರಮ್ಮನ್ನು ಮತ್ತೊಮ್ಮೆ ಓದಿ, ಲೈಸೆನ್ಸು ಮಾಡಿಸಲು ವಯಸ್ಸಿನ ಮಿತಿ ಇದೆಯೇ ಎಂದು ಮಗಳನ್ನು ಕೇಳಿದಳು. ಮಗಳು ಮೊಬೈಲಿನಲ್ಲಿ ಹುಡುಕತೊಡಗಿದಳು.